ಗಂಟು ಬಿದ್ದ ಬೀನ್ಸ್

ಗುಮಾಸ್ತರು ಒಂದು ಬೀನ್ಸ್ ಗಿಡ ಕಿತ್ತದ್ದೇ ಆ ದಿನದ ಅನಾಹುತಕ್ಕೆಲ್ಲ ಮೂಲ.

ಹಾಸ್ಟೆಲ್ ಅಂಗಳದಲ್ಲಿ ನೆರಳು ಇದ್ದದ್ದು ಮಾಲಿಯ ತರಕಾರಿ ಮಡಿ ಇದ್ದ ಜಾಗದಲ್ಲಿ ಮಾತ್ರ. ಗುಮಾಸ್ತರ ಸ್ಕೂಟರು ಬಿಸಿಲಿಗೆ ನಿಂತು ಕಾದ ಹೆಂಚಾಗುತ್ತಿತ್ತು. ಕಳೆದ ಸಲ ಕಣ್ಣಿಗೆ ಕಾಣದ ಜಂತುಹುಳು ಬೇರು ಹೊಕ್ಕು, ಗಂಟು ಕಟ್ಟಿ, ಟೊಮೆಟೊ ಗಿಡಗಳನ್ನೆಲ್ಲ ಮಲಗಿಸಿತ್ತು. ವಾರ್ಡನ್ ಕೊನೆಯ ಮಾತು ಹೇಳಿದ್ದರು: ಇವತ್ತು ಕೃಷಿ ಇಲಾಖೆಯ ಮೇಡಂ ಬಂದು ಬೆಳೆ ಮೆಚ್ಚಿದರೆ ತೋಟ, ಇಲ್ಲವಾದರೆ ಸ್ಕೂಟರ್ ಸ್ಟ್ಯಾಂಡು.

ಮೇಡಂ ಹೇಳಿದಂತೆ ಮಾಲಿ ಚೆಂಡುಹೂ ಬೆಳೆದು ಮಣ್ಣಿಗೆ ಸೇರಿಸಿದ್ದ. ಬೇವಿನ ಹಿಂಡಿ ಹಾಕಿದ್ದ. ಹುಳು ತಿನ್ನುವ ಶಿಲೀಂಧ್ರದ ಪುಡಿಯನ್ನು ಗೊಬ್ಬರಕ್ಕೆ ಕಲಸಿ, ಈ ಸಲದ ಬೀನ್ಸ್ ಗಿಡಗಳನ್ನು ಕೂಸಿನಂತೆ ಸಾಕಿದ್ದ.

“ಬೇರು ನೋಡಯ್ಯ. ಗಂಟು,” ಅಂದರು ಗುಮಾಸ್ತರು.

ಮಾಲಿ ಓಡಿ ಬಂದ. ಇನ್ನೊಂದು ಗಿಡ ಕಿತ್ತ. ಅದರಲ್ಲೂ ಗಂಟು.

“ಮೇಡಂ ಕಣ್ಣಿಗೆ ಬಿದ್ರೆ ಕತೆ ಮುಗೀತು,” ಅಂದರು ಗುಮಾಸ್ತರು. “ ಎಲ್ಲಾ ಕಿತ್ತುಬಿಡು. ಮಣ್ಣು ಹದ ಮಾಡ್ತಿದೀನಿ ಅಂದ್ರೆ ಇನ್ನೊಂದು ತಿಂಗಳು ಸಿಗುತ್ತೆ. ನನ್ನ ಗಂಟೇನು ಹೋಗೋದು, ನಿನ್ನ ಒಳ್ಳೇದಕ್ಕೆ ಹೇಳ್ದೆ.”

“ಕಿತ್ತ ಮೇಲೆ ಕುದಿಯೋ ನೀರು ಹುಯ್ಯಣ್ಣ,” ಎಂದು ಅಡುಗೆಯವ ಕೊಪ್ಪರಿಗೆಯನ್ನೇ ಹೊತ್ತು ತಂದ. “ಹುಳ ಏನು, ಅದರ ಮುತ್ತಾತನೂ ಬದುಕಲ್ಲ.”

ಮೇಡಂ ಬಂದಾಗ ಮಡಿಯಲ್ಲಿ ಹಬೆ ಏಳುತ್ತಿತ್ತು. ಅವರು ಕಿತ್ತ ಗಿಡಗಳ ರಾಶಿಯಿಂದ ಒಂದನ್ನು ಎತ್ತಿ ಬೇರನ್ನು ಬೆರಳಲ್ಲಿ ಉಜ್ಜಿದರು. ಗಂಟುಗಳು ಎಳ್ಳಿನಂತೆ ಉದುರಿದವು. ಒಂದನ್ನು ಉಗುರಿನಿಂದ ಸೀಳಿದರು. ಒಳಗೆ ನಸುಗೆಂಪು.

“ಹುಳದ ಗಂಟಾದ್ರೆ ಬೇರೇ ಊದಿರುತ್ತೆ, ಉಜ್ಜಿದ್ರೆ ಬರಲ್ಲ. ಇದು ಗಿಡಕ್ಕೆ ಗೊಬ್ಬರ ಮಾಡಿಕೊಡೋ ಗಂಟು. ಬೀನ್ಸಿಗೆ ಇರಲೇಬೇಕು. ಹುಳದ ಸುಳಿವೇ ಇಲ್ಲ, ನೀವು ಗೆದ್ದಿದ್ರಿ. ಯಾಕೆ ಕಿತ್ರಿ?” ಮಣ್ಣು ಮುಟ್ಟಿ ಕೈ ಹಿಂದಕ್ಕೆಳೆದರು. “ಅಯ್ಯೋ, ನಾನು ಕೊಟ್ಟ ಶಿಲೀಂಧ್ರನೂ ಬೇಯಿಸಿಬಿಟ್ರಾ?”

ಮೇಡಂ ಜೊತೆ ಬಂದಿದ್ದ ವಾರ್ಡನ್ ಖಾಲಿ ಮಡಿಯನ್ನೊಮ್ಮೆ ನೋಡಿ, “ಮೆಚ್ಚೋಕೆ ಬೆಳೆಯೇ ಇಲ್ವಲ್ಲ, ಸ್ಕೂಟರ್ ಸ್ಟ್ಯಾಂಡೇ ಆಗ್ಲಿ,” ಎಂದು ಆಫೀಸಿಗೆ ನಡೆದರು.

ಸಂಜೆ ಗುಮಾಸ್ತರು ಖಾಲಿ ಮಡಿಗೆ ಸ್ಕೂಟರು ತಳ್ಳಿಕೊಂಡು ಬಂದರು. ಮಾಲಿ ಕೇಳಿದ: “ಸಾರ್, ಈ ಗಂಟಿನ ವಿಷಯ ನಿಮಗೂ ಗೊತ್ತಿರ್ಲಿಲ್ವಾ?”

“ಗೊತ್ತಿಲ್ದೆ ಏನು? ನಮ್ಮಪ್ಪ ಮೂವತ್ತು ವರ್ಷ ಬೀನ್ಸ್ ಬೆಳೆದವರು.”

ಸ್ಟ್ಯಾಂಡು ಹಾಕಿದರು. ಅದು ಮಣ್ಣಲ್ಲಿ ಹೂತು ಸ್ಕೂಟರು ವಾಲಿತು.

“ಮಣ್ಣು ತೀರಾ ಮೆತ್ತಗೆ ಮಾಡಿಟ್ಟಿದೀಯ ಕಣಯ್ಯ. ಹೋಗು, ಒಂದು ಹಲಗೆ ತಗೊಂಡು ಬಾ.”

ಮಾಲಿ ಹಲಗೆ ತರಲು ಹೋದ.