ಕುಬಸದ ಬುತ್ತಿಯೂ ಹಳೇ ಬೋಟ್ ಇಂಜಿನ್ನೂ

ಪ್ಲಗ್ ಸುಟ್ಟಿರಬಹುದು. ಪೆಟ್ರೋಲಿನಲ್ಲಿ ನೀರು ಸೇರಿರಬಹುದು. ಕಾರ್ಬರೇಟರಿನ ಜೆಟ್ಟಿನಲ್ಲಿ ಕಸ ಕೂತಿರಬಹುದು. ಅದರೊಳಗಿನ ಫ್ಲೋಟ್ ಸಿಕ್ಕಿಕೊಂಡಿರಬಹುದು. ಪೈಪು ಸೀಳಿರಬಹುದು. ಆಯಿಲ್ ಹೆಚ್ಚಾಗಿರಬಹುದು, ಇಲ್ಲವೇ ಕಡಿಮೆಯಾಗಿರಬಹುದು. ಮನೆಯಿಂದ ಹೊರಡುವಾಗ ಬೆಕ್ಕು ಅಡ್ಡ ಬಂದದ್ದೂ ಕಾರಣವಿರಬಹುದು. ಬೆಕ್ಕು ನಮ್ಮದೇ, ದಿನಾ ಅಡ್ಡ ಬರುತ್ತದೆ. ಆದರೂ ಅದನ್ನು ನಿರ್ದೋಷಿ ಎನ್ನುವಂತಿಲ್ಲ.

ಕೃಷ್ಣೆಯ ನಡುವೆ ಇಂಜಿನ್ ಕೈಕೊಟ್ಟಾಗ ಈ ಕಾರಣಗಳೆಲ್ಲ ಒಂದೇ ಉಸಿರಿಗೆ ನೆನಪಾದವು. ಆಗದೆ ಏನು? ತಿಂಗಳುಗಟ್ಟಲೆ ಮೊದಲೇ ಯೋಚಿಸಿಟ್ಟಿದ್ದೆ. ಕಕ್ಕೇರಾದಲ್ಲಿ ನನ್ನದು ಕಿರಾಣಿ ಅಂಗಡಿ. ಸಾಮಾನು ಚಿಲ್ಲರೆ ವ್ಯಾಪಾರ. ಚಿಂತೆ ಮಾತ್ರ ಹೋಲ್‌ಸೇಲ್.

ಆ ಇಂಜಿನ್ ಕೊಂಡದ್ದೂ ಚಿಂತೆಯಿಂದಲೇ. ತೀರಿಹೋದ ನಮ್ಮಣ್ಣನ ಮಗಳು ಗೌರಿಯನ್ನು ಹೊಳೆಯ ನಡುಗಡ್ಡೆಯ ಊರಿಗೆ ಕೊಟ್ಟಿದ್ದೇವೆ. ಅವಳ ತವರೆಂದರೆ ಈಗ ನಮ್ಮ ಮನೆ. ಚೊಚ್ಚಲ ಬಸುರಿ. ತವರಿನ ಬುತ್ತಿ ಒಯ್ದು, ಸೀಮಂತದ ಕುಬಸ ಮುಗಿಸಿ, ಹೆರಿಗೆಗೆ ಕರೆದುಕೊಂಡು ಬರಬೇಕು. ಹೊಳೆ ತುಂಬಿತ್ತು, ಗೌರಿಗೋ ಚಿಕ್ಕಂದಿನಿಂದ ನೀರೆಂದರೆ ಅಂಜಿಕೆ.

"ಕಾಕಾ, ನಡುನೀರಾಗ ಕೆಟ್ಟು ನಿಲ್ಲದಂಥಾ ದೋಣಿ ತಂದ್ರ ಬರ್ತೀನಿ. ಇಲ್ಲಾಂದ್ರ ಇಲ್ಲೇ ಹಡೀತೀನಿ" ಎಂದು ಫೋನಿನಲ್ಲಿ ಹೇಳಿಬಿಟ್ಟಳು.

ಅಲ್ಲಿ ದವಾಖಾನೆಯಿಲ್ಲ. ನನಗೆ ಅನ್ನ ಇಳಿಯಲಿಲ್ಲ. ಹುಣಸಗಿ ಕಡೆಯ ಮೀನು ಗುತ್ತಿಗೆದಾರನೊಬ್ಬ ಮಾರಲಿಟ್ಟಿದ್ದ ಹಳೇ ಇಂಜಿನ್ ತಂದೆ. ವಯಸ್ಸಿನಲ್ಲಿ ನನಗಿಂತ ತುಸು ಚಿಕ್ಕದು. ಕೆಮ್ಮು ಮಾತ್ರ ಇಬ್ಬರದೂ ಒಂದೇ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಕಾರ್ಬರೇಟರ್ ಬಿಚ್ಚಿದೆ, ತೊಳೆದೆ, ಜೋಡಿಸಿದೆ. ಅಂಗಳದ ನೀರಿನ ಡ್ರಮ್ಮಿಗೆ ಇಳಿಬಿಟ್ಟು ಹಗ್ಗ ಎಳೆದರೆ ಓಣಿಯೇ ನಡುಗುವಂತೆ ಓಡಿತು. ಇಂಜಿನ್ ವಿದ್ಯೆ ನನಗೆ ಒಲಿದಿದೆಯೆಂದು ಅಂದೇ ಖಾತ್ರಿಯಾಯಿತು!

ಕುಬಸದ ದಿನ ಹೊಳೆದಂಡೆಯಲ್ಲಿ ಇಂಜಿನ್ನಿಗೆ ಪೂಜೆ. ಕಾಯಿ ಒಡೆದೆ, ನಿಂಬೆಹಣ್ಣು ಕಟ್ಟಿದೆ, ಊದಿನಕಡ್ಡಿಯನ್ನು ಪೆಟ್ರೋಲಿನಿಂದ ಬಹುದೂರ ಹಚ್ಚಿದೆ. ಒಣ ಕುಂಕುಮ ಗಾಳಿಗೆ ಹಾರಿಹೋದರೆ ಅಪಶಕುನವಲ್ಲವೇ? ಅದಕ್ಕೇ ಗ್ರೀಸಿನಲ್ಲಿ ಕಲಸಿ, ಇಂಜಿನ್ನಿನ ನೆತ್ತಿಯ ಮೇಲಿದ್ದ ಟ್ಯಾಂಕಿನ ಮುಚ್ಚಳಕ್ಕೆ, ಸರಿಯಾಗಿ ನಡುಮಧ್ಯೆ, ದಪ್ಪನೆಯ ಬೊಟ್ಟು ಇಟ್ಟೆ.

"ಇಷ್ಟ್ ದೊಡ್ಡ ಬೊಟ್ಟು ನನ್ನ ಹಣಿಗೂ ಇಟ್ಟಿಲ್ಲ ನೀವು" ಎಂದಳು ಹೆಂಡತಿ ಶಾಂತಾ.

ದೋಣಿ ನೆರೆಮನೆಯ ಮೌಲಾಸಾಬನದು. ಬುತ್ತಿಯ ಬುಟ್ಟಿಗೆ ಜಾಗವಿಲ್ಲವೆಂದು ಅವನ ಎರಡು ಹುಟ್ಟುಗಳಲ್ಲಿ ಒಂದನ್ನು ದಂಡೆಯಲ್ಲೇ ಬಿಡಿಸಿದೆ.

"ಸಾವ್ಕಾರ್ರ, ಹುಟ್ಟು ಎಂದೂ ಕೆಟ್ಟು ನಿಲ್ಲಂಗಿಲ್ರಿ" ಎಂದ ಅವನು.

"ಕಾಲ ಬದಲಾಗೇದ ಮೌಲಾ!" ಎಂದು ಹಗ್ಗ ಎಳೆದೆ. ಇಂಜಿನ್ ಗುಡುಗಿತು. ದೋಣಿ ನೀರು ಸೀಳಿತು. ನಾನು ಎದೆ ಉಬ್ಬಿಸಿ ನಿಂತೆ. ಇಂಜಿನ್ನೂ ನಿಂತಿತು.

"ಗಾಬ್ರಿ ಆಗಬ್ಯಾಡ್ರಿ" ಎಂದೆ, ಎಲ್ಲರಿಗಿಂತ ಹೆಚ್ಚು ಗಾಬರಿಯಾಗಿ. ಮುಚ್ಚಳ ತೆಗೆದು ನೋಡಿದೆ, ಪೆಟ್ರೋಲಿತ್ತು. ಮುಚ್ಚಿದೆ. ಪ್ಲಗ್ ಬಿಚ್ಚಿ ಧೋತರದ ಅಂಚಿನಿಂದ ಒರೆಸಿ ಹಾಕಿದೆ. ಹಗ್ಗ ಎಳೆದರೆ ಚಾಲೂ!

"ಪ್ಲಗ್ ಆಗಿತ್ತು. ರೋಗ ಗೊತ್ತಾದ್ರ ಔಷಧ ಸರಳ" ಎಂದು ಉಪನ್ಯಾಸ ಆರಂಭಿಸಿದೆ. ಉಪನ್ಯಾಸಕ್ಕಿಂತ ಮೊದಲು ಇಂಜಿನ್ ಮುಗಿಯಿತು.

ಮತ್ತೆ ಪೆಟ್ರೋಲ್ ನೋಡಿದೆ, ಮುಚ್ಚಿದೆ. ಈ ಸಲ ಪೈಪು ಊದಿದೆ. ಚಾಲೂ! ಪೈಪಿನ ಮೇಲೆ ಭಾಷಣ. ಮತ್ತೆ ಬಂದ್!

"ನೀವು ಮಾತಾಡಿದ್ರ ನಿಲ್ತೈತಿ, ಸುಮ್ಮನಾದ್ರೂ ಕೂಡ್ರಿ" ಎಂದಳು ಶಾಂತಾ.

ಉಳಿದದ್ದು ಮಹಾ ಶಸ್ತ್ರಚಿಕಿತ್ಸೆ. ಮಡಿಲಲ್ಲಿ ಟವೆಲ್ ಹಾಸಿ ಕಾರ್ಬರೇಟರ್ ಬಿಚ್ಚಿದೆ. ಒಳಗೆ ಕನ್ನಡಿಯಂತೆ ಸ್ವಚ್ಛ. ಆದರೂ ಶಾಂತಾಳ ಪಿನ್ನು ಇಸಿದುಕೊಂಡು ಜೆಟ್ಟಿನ ತೂತಿಗೆ ಚುಚ್ಚಿದೆ. ಕಡಲೆಕಾಳಿನಷ್ಟು ಆ ಹಿತ್ತಾಳೆ ಜೆಟ್ ಬೆರಳಿನಿಂದ ಚಿಮ್ಮಿ ನೇರ ಬುತ್ತಿಗೆ, ಬದನೆಕಾಯಿ ಎಣ್ಣೆಗಾಯಿಯ ಪಾತ್ರೆಗೆ ಹಾರಿತು!

"ಯಾ ಅಲ್ಲಾ! ಹೊಳಿಗಿ ಬೀಳಲಿಲ್ಲಲ್ಲ" ಎಂದ ಮೌಲಾಸಾಬ.

"ಹೊಳಿಗೇ ಬಿದ್ದಿದ್ರ ಚಲೋ ಇತ್ತು" ಎಂದ ಶಾಂತಾ ಒಂದೊಂದೇ ಬದನೆಕಾಯಿ ಎತ್ತಿ ಹಿಸುಕತೊಡಗಿದಳು. ತವರಿನ ಬುತ್ತಿಯ ತುತ್ತು ಬಾಯಿಗೆ ಬೀಳುವವರೆಗೆ ಬಸುರಿ ಉಣ್ಣುವಂತಿಲ್ಲ. ಆ ತುತ್ತನ್ನು ನಾವು ಇಂಜಿನ್ ಸಾಮಾನಿಗಾಗಿ ಜಾಲಾಡುತ್ತಿದ್ದೆವು. ಅಷ್ಟರಲ್ಲಿ ಫೋನ್ ಬಂತು. ಗೌರಿ.

"ಕಾಕಾ, ಎಲ್ಲಿದ್ದೀ?"

"ಬಂದ್ವಿ ಬಂದ್ವಿ, ಇನ್ನೇನು ಮುಟ್ಟಿದ್ವಿ."

"ದಂಡಿ ಮ್ಯಾಲ ನಿಂತು ನೋಡಾಕತ್ತೀನಿ. ಮುಟ್ಟೋರು ಯಾಕ ಹಿಂದಹಿಂದ ಹೊಂಟೀರಿ?"

ಒಂದೇ ಹುಟ್ಟಿನಲ್ಲಿ ಮೌಲಾಸಾಬ ತಿರುವಿದಂತೆಲ್ಲ ದೋಣಿ ಗಿರಗಿರನೆ ಸುತ್ತುತ್ತಿತ್ತು. ಗೌರಿ ಫೋನ್ ಇಟ್ಟಳು. ಬುತ್ತಿ ಹೇಗೋ ಮುಟ್ಟೀತು. ಇದನ್ನು ನೋಡಿದ ಹುಡುಗಿ ಈ ದೋಣಿಗೆ ಕಾಲಿಡುತ್ತಾಳೆಯೇ?

ಜೆಟ್ ಸಿಕ್ಕಿತು. ಒರೆಸಿ ಜೋಡಿಸಿದೆ. ಮತ್ತೊಮ್ಮೆ ಪೆಟ್ರೋಲ್ ನೋಡಿ ಮುಚ್ಚಿದೆ. ಇಂಜಿನ್ ಎಣ್ಣೆಗಾಯಿಯ ಘಮದೊಂದಿಗೆ ಒಂದಿಷ್ಟು ಓಡಿ, ನಿಂತಿತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

ಶಾಂತಾ ಸೆರಗಿನಿಂದ ಬೆವರು ಒರೆಸಿಕೊಂಡಳು. "ಹಣಿ ಮ್ಯಾಲಿನ ಕುಂಕುಮ ಎಲ್ಲಾ ಹೋತು. ಬರೇ ಹಣಿಲೆ ಬೀಗರ ಮುಂದ ಹ್ಯಾಂಗ ನಿಲ್ಲಲಿ?" ಕುಂಕುಮದ ಭರಣಿ ಬುಟ್ಟಿಯ ತಳದಲ್ಲಿತ್ತು. ಅವಳು ಟ್ಯಾಂಕಿನ ಮುಚ್ಚಳದ ಮೇಲಿನ ನನ್ನ ದಪ್ಪ ಬೊಟ್ಟನ್ನೇ ಉಗುರಿನಿಂದ ಕೆರೆದು ಹಣೆಗೆ ಇಟ್ಟುಕೊಂಡಳು.

"ಸುಸ್ಸ್" ಎಂದಿತು ಟ್ಯಾಂಕು.

ನಾನು ಸುಮ್ಮನೆ, ಆಸೆಯಿಲ್ಲದೆ ಹಗ್ಗ ಎಳೆದೆ. ಇಂಜಿನ್ ಹೊರಟಿತು. ಈ ಸಲ ಭಾಷಣ ಮಾಡಲಿಲ್ಲ. ದಂಡೆ ಮುಟ್ಟುವವರೆಗೂ ಅದು ನಿಲ್ಲಲಿಲ್ಲ!

ಕುಬಸವಾಯಿತು. ಹಸಿರು ಸೀರೆಯುಟ್ಟ ಗೌರಿ ಹಿಸುಕಿಹೋದ ಎಣ್ಣೆಗಾಯಿಯನ್ನೂ ಬೆರಳು ಚೀಪಿ ಉಂಡಳು. ಆದರೆ ಹೊರಡುವ ಹೊತ್ತಿಗೆ ದಂಡೆಗೆ ಬಂದವಳು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

"ಆಗ ಏನಾಗಿತ್ತು ಕಾಕಾ? ಖರೇ ಹೇಳು. ಗೊತ್ತಾದ್ರ ಅಷ್ಟ ಕೂಡ್ತೀನಿ."

"ಅದೇನಂದ್ರ ಗೌರಿ, ಕಾರ್ಬರೇಟರಿನೊಳಗ ಒಂದು ಸೂಕ್ಷ್ಮ..." ಎನ್ನುತ್ತ, ವಾಪಸ್ ಪ್ರಯಾಣ ನಿರ್ವಿಘ್ನವಾಗಲೆಂದು, ಗ್ರೀಸಿನ ಕುಂಕುಮ ಬೆರಳಿಗೆ ತೆಗೆದುಕೊಂಡು ಮುಚ್ಚಳದತ್ತ ಕೈ ಚಾಚಿದೆ.

ಶಾಂತಾ ಫಟ್ಟನೆ ಕೈ ಹಿಡಿದಳು. ಮುಚ್ಚಳವನ್ನೇ ದಿಟ್ಟಿಸಿ, "ಏನ್ರಿ, ಅಂಗಡ್ಯಾಗ ಎಣ್ಣಿ ಡಬ್ಬಿಗಿ ಎಷ್ಟು ತೂತು ಹೊಡೀತೀರಿ?" ಎಂದು ಕೇಳಿದಳು.

"ಎರಡು. ಒಂದು ಎಣ್ಣಿ ಬರಾಕ, ಒಂದು ಗಾಳಿ ಹೋಗಾಕ. ಗಾಳಿ ಹೋಗಲಿಲ್ಲಾಂದ್ರ ಎಣ್ಣಿ ಎಲ್ಲಿಂದ..."

ಬಾಯಿ ಅಲ್ಲಿಗೇ ನಿಂತಿತು. ಪೆಟ್ರೋಲ್ ನೋಡಲು ಮುಚ್ಚಳ ತೆಗೆದಾಗಲೆಲ್ಲ ಗಾಳಿ ಒಳಹೋಗಿ ಇಂಜಿನ್ ಓಡಿತ್ತು. ಕೀರ್ತಿ ಮಾತ್ರ ಪ್ಲಗ್ಗಿಗೆ, ಪೈಪಿಗೆ, ಬದನೆಕಾಯಿಯಲ್ಲಿ ಮಿಂದ ಜೆಟ್ಟಿಗೆ ಹೋಗಿತ್ತು!

ಮೊದಲು ನಕ್ಕವಳು ಗೌರಿ. ಹೊಟ್ಟೆ ಹಿಡಿದು, ಮೌಲಾಸಾಬನ ಭುಜಕ್ಕೆ ಕೈಯಾನಿಸಿ, ನಗುತ್ತಲೇ ದೋಣಿಯೊಳಗೆ ಬಂದು ಕೂತಳು. "ನಡಿ ಕಾಕಾ. ಆದ್ರ ನಿನ್ನ ಕೈ ಎರಡೂ ನನ್ನ ಕಣ್ಣಿಗಿ ಕಾಣಂಗ ಇಟ್ಕೋ."

ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತೆ. ಹಗ್ಗ ಎಳೆದವಳು ಶಾಂತಾ. ಅವಳ ಉಗುರು ಕೆರೆದ ಜಾಗದಲ್ಲಿ, ಮುಚ್ಚಳದ ನಡುವೆ, ಗಾಳಿಗೆಂದು ಬಿಟ್ಟ ಸಾಸಿವೆ ಕಾಳಿನಷ್ಟು ತೂತು ಕಾಣುತ್ತಿತ್ತು. ಏನೂ ಆಗದಿರಲೆಂದು ಬೊಟ್ಟಿಟ್ಟು ನಾನು ಮುಚ್ಚಿದ್ದು ಅದನ್ನೇ.