ಒಂದು ರಿಂಗ್ ಹೆಚ್ಚಿಗೆ

ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಕೆಮಿಸ್ಟರಿಗೆ ಮೊಬೈಲ್ ಫೋನ್ ಕೊಂಡ ಮೊದಲನೆಯ ವಾರದಲ್ಲೇ ಒಂದು ದಿವ್ಯಜ್ಞಾನ ಉಂಟಾಯಿತು. ಫೋನಿನ ಅತ್ಯಂತ ದಡ್ಡ ಉಪಯೋಗವೆಂದರೆ ಅದರಲ್ಲಿ ಮಾತಾಡುವುದು.

ಆ ಫೋನೇನೂ ಸಾಮಾನ್ಯದ್ದಲ್ಲ. ಸಾಬೂನಿನ ಡಬ್ಬಿಯಷ್ಟು ದಪ್ಪ, ಎರಡು ಬೆರಳಗಲದ ಹಸಿರು ಪರದೆ, ಕೆಳಗೆ ರಬ್ಬರಿನ ಗುಂಡಿಗಳು. ಹತ್ತು ಮೆಸೇಜು ತುಂಬಿದರೆ ಹನ್ನೊಂದನೆಯದನ್ನು ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಜೇಬಿಗೆ ಹಾಕಿದರೆ ಅಂಗಿ ಎಡಕ್ಕೆ ವಾಲುತ್ತಿತ್ತು. (ಸಮತೋಲಕ್ಕಾಗಿ ಬಲಗಡೆಯೂ ಒಂದು ಜೇಬು ಹೊಲಿಸುವ ಪ್ರಸ್ತಾಪ ಬಂದಿತ್ತು, ಮನೆಯಲ್ಲಿ ಮಂಜೂರಾಗಲಿಲ್ಲ.) ಪ್ರಯೋಗಾಲಯದ ಗೋಡೆಗಳು ದಪ್ಪ. ಸಿಗ್ನಲ್ ಸಿಗುತ್ತಿದ್ದದ್ದು ಮೂರನೆಯ ಕಿಟಕಿಯ ಪಕ್ಕದಲ್ಲಿ, ಅದೂ ಕತ್ತನ್ನು ಹೊರಗೆ ಚಾಚಿದರೆ. ಹಾಗೆ ಕತ್ತು ಚಾಚಿ ಮಾತಾಡಿದರೆ ಕೆಳಗೆ ಸೈಕಲ್ ನಿಲ್ಲಿಸುವವರೆಲ್ಲ ತಲೆಯೆತ್ತಿ ಕೇಳಿಸಿಕೊಳ್ಳುತ್ತಿದ್ದರು. ಆದ್ದರಿಂದ ಕೆಮಿಸ್ಟರು ಮಾತಿಲ್ಲದೆ ಸಂಸಾರ ನಡೆಸುವ ಒಂದು ಸಂಹಿತೆಯನ್ನು ರಚಿಸಿದರು.

ಮನೆಯ ಹಾಲಿನಲ್ಲಿ ಹಳೆಯ ಲ್ಯಾಂಡ್‌ಲೈನ್ ಇತ್ತು. ಅದಕ್ಕೆ ಮೊಬೈಲಿನಿಂದ ಮಿಸ್ಡ್ ಕಾಲ್ ಕೊಡುವುದು. ಒಂದು ರಿಂಗ್ ಆಗಿ ನಿಂತರೆ ಆಫೀಸು ಬಿಟ್ಟೆ ಎಂದರ್ಥ. ಎರಡಾದರೆ ಒಂದು ಗಂಟೆ ತಡ. ಮೂರಾದರೆ ಜೊತೆಯಲ್ಲಿ ನೆಂಟರನ್ನು ಕರೆತರುತ್ತಿದ್ದೇನೆ. ನಾಲ್ಕಾದರೆ ನೆಂಟರು ಬರುವುದಿಲ್ಲ, ಒಬ್ಬನೇ ಬರುತ್ತೇನೆ. ಐದು ದಾಟಿದರೆ ಮಾತ್ರ ಎತ್ತಿ ಮಾತಾಡುವುದು. ಇಷ್ಟನ್ನೂ ಗ್ರಾಫ್ ಹಾಳೆಯ ಮೇಲೆ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿದರು.

ಅವರ ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರು. ಕೆಂಪು ಪೆನ್ನು ಕಿವಿಗೆ ಸಿಕ್ಕಿಸಿಕೊಂಡೇ ಅದನ್ನು ಓದಿದರು.

"ಅಲ್ಲಾರೀ, 'ನೆಂಟರು ಬರ್ತಾ ಇದಾರೆ' ಅಂತ ಬಾಯಲ್ಲಿ ಹೇಳೋಕೆ ಎಷ್ಟು ಹೊತ್ತು ಬೇಕು?"

"ಹೇಳೋಕೆ ಮೂರು ಸೆಕೆಂಡು. ಆಮೇಲೆ ನೀನು 'ಯಾರು, ಯಾಕೆ, ಮೊದಲೇ ಯಾಕೆ ಹೇಳ್ಲಿಲ್ಲ' ಅಂತೀಯಲ್ಲ, ಅದಕ್ಕೆ ಹತ್ತು ನಿಮಿಷ."

"ಹಾಗಾದ್ರೆ ನನ್ನ ಬಾಯಿ ಮುಚ್ಚಿಸೋಕೇ ಇದನ್ನ ಕಂಡುಹಿಡಿದಿರಿ ಅನ್ನಿ."

"ಛೆ, ಛೆ. ವಿಜ್ಞಾನ ಕಣೇ ಇದು!"

ವಿಜ್ಞಾನವೆಂದ ಮೇಲೆ ಪ್ರಯೋಗವಿಲ್ಲದೆ ಆಗುತ್ತದೆಯೇ? ಒಂದು ಸಂಜೆ ಕೆಮಿಸ್ಟರು ಮೊಬೈಲ್ ಹಿಡಿದು ತಾರಸಿ ಹತ್ತಿದರು. ಟೀಚರು ಹಾಲಿನಲ್ಲಿ ಹಳೆಯ ಉತ್ತರಪತ್ರಿಕೆಯ ಬೆನ್ನನ್ನು ಮುಂದಿಟ್ಟುಕೊಂಡು ಕೂತರು. ಹತ್ತು ಸಲ ಕರೆ ಹೋಯಿತು. ಆಗ ತಿಳಿದದ್ದೇನೆಂದರೆ, ಕರೆ ಮಾಡಿದವನ ಕಿವಿಯಲ್ಲಿ ಕೇಳುವ ರಿಂಗೇ ಬೇರೆ, ಮನೆಯಲ್ಲಿ ಬಡಿದುಕೊಳ್ಳುವ ಗಂಟೆಯೇ ಬೇರೆ. ಮೇಲೆ ಎರಡು ಕೇಳಿದರೆ ಕೆಳಗೆ ಒಂದು. ಮೇಲೆ ನಾಲ್ಕು ಕೇಳಿದರೆ ಕೆಳಗೆ ಮೂರು. ಹತ್ತರಲ್ಲಿ ಒಂಬತ್ತು ಸಲ ಮನೆಯಲ್ಲಿ ಸರಿಯಾಗಿ ಒಂದು ಕಡಿಮೆ.

"ಒಂದು ತಿಂದುಹಾಕುತ್ತೆ ಅಲ್ವಾ?" ಎಂದು ಕೆಮಿಸ್ಟರು ಮೆಟ್ಟಿಲ ಮೇಲಿಂದ ಕೂಗಿದರು.

"ಹೌದು, ಗೊತ್ತಾಯ್ತು ಬಿಡಿ!" ಎಂದರು ಟೀಚರು.

ಇಬ್ಬರೂ ಹೇಳಿಸಿಕೊಂಡು ಕೆಲಸ ಮಾಡುವ ಪೈಕಿಯವರಲ್ಲ. ಕೆಮಿಸ್ಟರು ತಾರಸಿಯಲ್ಲೇ ತಮ್ಮ ಡೈರಿಯಲ್ಲಿ 'ಕೊಡುವಾಗ ಒಂದು ಹೆಚ್ಚಿಗೆ ಕೊಡುವುದು' ಎಂದು ಬರೆದುಕೊಂಡರು. ಅದೇ ನಿಮಿಷದಲ್ಲಿ ಕೆಳಗೆ ಟೀಚರು ಉತ್ತರಪತ್ರಿಕೆಯ ಅಂಚಿನಲ್ಲಿ 'ಎಣಿಸುವಾಗ ಒಂದು ಸೇರಿಸಿಕೊಳ್ಳುವುದು' ಎಂದು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದರು. ಇಬ್ಬರ ತಿದ್ದುಪಡಿಯೂ ಸರಿ. ಇಬ್ಬರೂ ಮಾಡಿದ್ದೇ ತಾಪತ್ರಯ.

ಸೋಮವಾರ ಕೆಮಿಸ್ಟರು ಆಫೀಸು ಬಿಟ್ಟೆ ಎಂದು ತಿಳಿಸಿದರು. ಮನೆಗೆ ಬಂದರೆ ಬಾಗಿಲಿಗೆ ಬೀಗ. ಹೇಗೂ ಒಂದು ಗಂಟೆ ತಡವೆಂದು ಟೀಚರು ಲೈಬ್ರರಿಗೆ ಹೋಗಿದ್ದರು. ಗುರುವಾರ ಒಂದು ಗಂಟೆ ತಡವೆಂದು ತಿಳಿಸಿದರು. ಬಂದು ನೋಡಿದರೆ ಕುರ್ಚಿಗಳಿಗೆ ಒಗೆದ ಗವಸು, ಮೇಜಿನ ಮೇಲೆ ಒಳ್ಳೆಯ ಲೋಟಗಳು, ಟೀಚರ ಮುಖದಲ್ಲಿ ಸ್ವಾಗತದ ನಗೆ. ಆ ನಗೆ ಗಂಡನ ಬೆನ್ನಹಿಂದೆ ಯಾರನ್ನೋ ಹುಡುಕಿ, ಸಿಗದೆ, ಮಾಯವಾಯಿತು.

"ನೆಂಟರೆಲ್ಲಿ?"

"ಯಾವ ನೆಂಟರು? ನಾನು ಕೊಟ್ಟಿದ್ದು ಎರಡು."

"ಬಂದಿದ್ದು ಮೂರು."

"ನೀನು ಎಣಿಸಿದ್ದು ತಪ್ಪು."

"ನಾನಾ? ಲೆಕ್ಕದ ಟೀಚರಿಗೆ ಮೂರರವರೆಗೆ ಎಣಿಸೋಕೆ ಬರಲ್ಲ ಅಂತೀರಾ?"

"ಹದಿನೇಳು ವರ್ಷದಿಂದ ಗಾಜಿನ ಕೊಳವೆಯಿಂದ ಬೀಳೋ ಹನಿ ಎಣಿಸ್ತಾ ಇದೀನಿ ಕಣೇ. ಒಂದೇ ಒಂದು ಹನಿ ತಪ್ಪಿಲ್ಲ!"

ವಾದ ಬಗೆಹರಿಯಲಿಲ್ಲ. ಕೊನೆಗೆ ಇಬ್ಬರ ಮರ್ಯಾದೆಯನ್ನೂ ಉಳಿಸಲು ತಪ್ಪನ್ನು ಟೆಲಿಫೋನ್ ಎಕ್ಸ್‌ಚೇಂಜಿನ ತಲೆಗೆ ಕಟ್ಟಲಾಯಿತು.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಶನಿವಾರ ಕೆಮಿಸ್ಟರ ಅಕ್ಕನ ಕಾಗದ ಬಂತು.

ಅಕ್ಕ ದೊಡ್ಡಾಸ್ಪತ್ರೆಯೊಂದರಲ್ಲಿ ಹೆಡ್ ನರ್ಸು. ಎರಡು ವರ್ಷದ ಹಿಂದೆ ತಮ್ಮನ ಮನೆಗೆ ಬಂದಿದ್ದಾಗ ಒಂದು ಮಧ್ಯಾಹ್ನ ಸುಮ್ಮನೆ ಕೂರಲಾರದೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಆಸ್ಪತ್ರೆಯ ಔಷಧಿಕಪಾಟಿನ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ್ದರು. ದಿನವೂ ಬೇಕಾದದ್ದು ಕೆಳಗೆ, ಅಪಾಯಕಾರಿಯಾದದ್ದು ಮೇಲೆ. (ಮೆಣಸಿನಪುಡಿ ಅಟ್ಟ ಸೇರಿತ್ತು.) ಶಾಲೆಯಿಂದ ಹಸಿದು ಬಂದ ಟೀಚರಿಗೆ ಅರ್ಧ ಗಂಟೆ ಹುಡುಕಿದರೂ ಉಪ್ಪು ಸಿಗಲಿಲ್ಲ. "ಇದು ನಿಮ್ಮ ವಾರ್ಡಲ್ಲ" ಎಂಬ ಮಾತು ಬಾಯಿಂದ ಬಂದುಬಿಟ್ಟಿತು. ಅಕ್ಕ ಅಂದೇ ಪೆಟ್ಟಿಗೆ ಕಟ್ಟಿದರು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ನಡುವೆ ಸಿಕ್ಕಿಕೊಂಡ ಕೆಮಿಸ್ಟರು ಅಕ್ಕನಿಗೆ ಬರೆಯುವಾಗ ಹೆಂಡತಿಯ ಸುದ್ದಿ ಬಿಟ್ಟು, ಹೆಂಡತಿಗೆ ಓದಿ ಹೇಳುವಾಗ ಅಕ್ಕ ಬರೆಯದ ಕ್ಷೇಮಸಮಾಚಾರ ಸೇರಿಸಿ, ಎರಡು ವರ್ಷ ತೂಗಿಸಿಕೊಂಡು ಬಂದಿದ್ದರು. ತಾಯಿಯಿಲ್ಲದ ಅವರನ್ನು ಬೆಳೆಸಿದವರು ಆ ಅಕ್ಕ.

ಕಾಗದದಲ್ಲಿ ಎರಡೇ ಸಾಲು. 'ಭಾನುವಾರ ನಿಮ್ಮೂರಲ್ಲಿ ರೈಲು ಬದಲಿಸಬೇಕು, ನಾಲ್ಕು ಗಂಟೆ ಸಮಯವಿದೆ. ಸ್ಟೇಷನ್ನಿಗೆ ಬಾ, ಮನೆಗೆ ಬರುವ ವಿಷಯ ಅಲ್ಲೇ ನೋಡೋಣ.'

ಟೀಚರು ಕಾಗದವನ್ನು ಎರಡು ಸಲ ಓದಿ ಮಡಚಿಟ್ಟರು. "ಬರ್ತಾರೋ ಇಲ್ವೋ ಸ್ಟೇಷನ್ನಿಂದಲೇ ತಿಳಿಸಿ. ಕಾಯ್ತಾ ಕೂರೋದು ನನ್ನ ಕೈಲಾಗಲ್ಲ."

"ಮೂರು, ಇಲ್ಲಾ ನಾಲ್ಕು" ಎಂದರು ಕೆಮಿಸ್ಟರು, ಗ್ರಾಫ್ ಹಾಳೆಯನ್ನು ತೋರಿಸಿ.

"ನಾಳೆ ಒಂದು ದಿನವಾದ್ರೂ ಮಾತಾಡಬಾರದಾ?"

"ಅಕ್ಕನ ಎದುರಿಗೆ ಹ್ಯಾಗೆ ಮಾತಾಡ್ಲಿ? 'ಯಾರ ಹತ್ರ ಪರ್ಮಿಷನ್ ಕೇಳ್ತಿದೀಯ' ಅಂತ ಅಲ್ಲೇ ರೈಲು ಹತ್ತಿಬಿಡ್ತಾಳೆ. ಮಿಸ್ಡ್ ಕಾಲ್ ಆದ್ರೆ ಸದ್ದಿಲ್ಲದೆ ಮುಗಿಯುತ್ತೆ."

ಸ್ಟೇಷನ್ನಿನಲ್ಲಿ ಅಕ್ಕ ಇಳಿದರು. ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕೋ ಎಡಗಡೆ ವಾಲಿದೀಯ? ಬೆನ್ನು ನೋವಾ?" ಎಂದರು.

"ಇಲ್ಲಕ್ಕ, ಮೊಬೈಲು."

ಅರ್ಧ ಗಂಟೆ ಬೆಂಚಿನ ಮೇಲೆ ಕೂತು ಹವೆ, ಆಸ್ಪತ್ರೆ, ಮೊಣಕಾಲು ಎಲ್ಲದರ ವಿಚಾರ ಮುಗಿಯಿತು. ಆಮೇಲೆ ಅಕ್ಕ ಚೀಲದ ಜಿಪ್ಪನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು. "ಅವಳು ಹ್ಯಾಗಿದಾಳೋ?"

ಎರಡು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ ಅದು. ಕೆಮಿಸ್ಟರು ಚೀಲದ ಜಿಪ್ಪನ್ನು ತಾವೇ ಹಾಕಿದರು. "ಬಂದು ನೋಡಕ್ಕ."

ಅಕ್ಕ ಎದ್ದು ಚೀಲ ಹೆಗಲಿಗೇರಿಸಿದರು.

ಬಸ್ಸು ಹತ್ತುವ ಮೊದಲು ಕೆಮಿಸ್ಟರು ಕಂಬದ ಮರೆಗೆ ಹೋಗಿ ಕರೆ ಮಾಡಿದರು. ಎಣಿಕೆ ತಪ್ಪಲಿಲ್ಲ. ಕಿವಿಯಲ್ಲಿ ಸರಿಯಾಗಿ ನಾಲ್ಕು ಕೇಳಿ ನಿಲ್ಲಿಸಿದರು. ಮನೆಯಲ್ಲಿ ಸರಿಯಾಗಿ ಮೂರು ಬಡಿಯಿತು. ಟೀಚರು ಅದಕ್ಕೆ ಸರಿಯಾಗಿ ಒಂದು ಸೇರಿಸಿಕೊಂಡರು.

ಮುಕ್ಕಾಲು ಗಂಟೆಯ ಮೇಲೆ ಅಕ್ಕ, ತಮ್ಮ ಇಬ್ಬರೂ ಮನೆಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ಡಬ್ಬಿಗಳ ಸದ್ದು ಕೇಳಿಸುತ್ತಿತ್ತು. ಅದಕ್ಕಿಂತ ಜೋರಾಗಿ ಟೀಚರ ದನಿ ಕೇಳಿಸುತ್ತಿತ್ತು. ಮಹಡಿ ಮನೆಯಾಕೆ ಎರಡೂ ಕೈಯಲ್ಲಿ ಮುಚ್ಚಿದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ತಗೊಂಡ್ಹೋಗಿ, ಎಲ್ಲಾ ತಗೊಂಡ್ಹೋಗಿ! ನಮ್ಮಿಬ್ಬರಿಗೆ ಯಾತಕ್ಕೆ ಇಷ್ಟೊಂದು? ಬರಲ್ಲವಂತೆ ಮಹಾರಾಣಿ. ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಎಲ್ಲಾ ಅವರು ಅವತ್ತು ಇಟ್ಟಿದ್ದ ಹಾಗೇ ಇಟ್ಟಿದ್ದೆ ರೀ. ಒಂದೊಂದು ಚೀಟೀನೂ! ಎರಡು ವರ್ಷದಿಂದ ಎತ್ತಿಟ್ಟಿದ್ದೆ ಅವನ್ನ. ನನಗೆ ಟೈಫಾಯಿಡ್ ಆದಾಗ ಹದಿನೆಂಟು ದಿನ ಮಂಚದ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದೋರು, ಒಂದು ಮಾತಿಗೆ ಹಿಂಗೆ ಕೋಪ ಮಾಡ್ಕೋಬೇಕಾ? ಬೈದ್ರೆ ಬೈಲಿ, ಬಂದಾದ್ರೂ ಬೈಬಾರದಾ?"

ಮಹಡಿ ಮನೆಯಾಕೆ ತಿರುಗಿ ಅಕ್ಕನನ್ನು ನೋಡಿದರು. ಪಾತ್ರೆಗಳನ್ನು ಎದೆಗೊತ್ತಿಕೊಂಡು, ಸದ್ದಿಲ್ಲದೆ, ಆದರೆ ಬಲು ಬೇಗ ಮೇಲೆ ಹೋದರು.

ಅಕ್ಕ ಒಳಗೆ ಕಾಲಿಟ್ಟರು. ನೆಲದ ತುಂಬ ಡಬ್ಬಿ, ಸ್ಟೂಲಿನ ಮೇಲೆ ಟೀಚರು, ಕೈಯಲ್ಲಿ ಮೆಣಸಿನಪುಡಿ. ಟೀಚರ ಕಣ್ಣು ಕೆಂಪಗಿದ್ದವು. (ಮೆಣಸಿನಪುಡಿಯಿಂದ ಎಂದು ಅವರು ಇಂದಿಗೂ ವಾದಿಸುತ್ತಾರೆ.) ಅವರು ಅಕ್ಕನನ್ನು ನೋಡಿದರು, ಗಂಡನನ್ನು ನೋಡಿದರು, ಗೋಡೆಯ ಗ್ರಾಫ್ ಹಾಳೆಯನ್ನು ನೋಡಿದರು.

"ರೀ! ನಾಲ್ಕು ಕೊಟ್ಟು ಕರ್ಕೊಂಡು ಬಂದಿದೀರಲ್ಲಾ!"

"ಮೂರೇ ಕೊಟ್ಟಿದ್ದು!"

"ಮೂರು ಬಂತು. ಒಂದು ಸೇರಿಸಿದೆ, ನಾಲ್ಕಾಯ್ತು."

"ನೀನ್ಯಾಕೆ ಸೇರಿಸಿದೆ? ನಾನು ಸೇರಿಸೇ ಕೊಟ್ಟಿದ್ದೆ!"

"ನೀವು ಸೇರಿಸಿದೀರಿ ಅಂತ ನನಗೆ ಹೇಳಿದ್ರಾ?"

"ನೀನು ಸೇರಿಸ್ತೀಯ ಅಂತ ನೀನು ಹೇಳಿದ್ಯಾ?"

ಅಕ್ಕ ಚೀಲ ಕೆಳಗಿಟ್ಟು, ಏನಿದು ಎಂದು ಮೊದಲಿನಿಂದ ಹೇಳಿಸಿಕೊಂಡರು. ಗ್ರಾಫ್ ಹಾಳೆ ಓದಿದರು, ಡೈರಿ ತರಿಸಿ ನೋಡಿದರು, ಉತ್ತರಪತ್ರಿಕೆಯ ಕೆಂಪು ಅಡಿಗೆರೆಯನ್ನೂ ನೋಡಿದರು. ವಾರ್ಡಿನಲ್ಲಿ ಹೊಸ ನರ್ಸುಗಳನ್ನು ನಿಲ್ಲಿಸಿ ಕೇಳುವ ದನಿಯಲ್ಲಿ, "ಬೆಳಗಿನ ಇಂಜೆಕ್ಷನ್ ಅವಳೂ ಕೊಟ್ಟು, ನೀನೂ ಕೊಟ್ಟು, ಇಬ್ರೂ ಚಾರ್ಟಲ್ಲಿ ಬರೀದೇ ಇದ್ರೆ ಪೇಷಂಟು ಏನಾಗ್ತಾನೋ?" ಎಂದರು.

ಕೆಮಿಸ್ಟರು ತಲೆ ತಗ್ಗಿಸಿದರು. "ತಪ್ಪು ಇಬ್ಬರದೂ ಅಕ್ಕ."

"ಅವಳದೇನೋ ತಪ್ಪು? ಬಾಯಿ ಕೊಟ್ಟಿದಾನೆ ದೇವರು. ಕೈಲಿ ಫೋನಿದೆ. ಮೂರು ಸೆಕೆಂಡಿನ ಮಾತನ್ನ ಮೂರು ಗಂಟೆ ಮಾಡಿದವನು ನೀನು!"

"ಅದನ್ನೇ ನಾನೂ ಹೇಳಿದ್ದು ಅಕ್ಕ" ಎಂದು ಸ್ಟೂಲಿನ ಮೇಲಿಂದ ದನಿ ಬಂತು.

"ನೀನು ಮೊದಲು ಇಳಿಯೇ, ಬೀಳ್ತೀಯ." ಅಕ್ಕ ಕೈ ಚಾಚಿದರು. ಟೀಚರು ಆ ಕೈ ಹಿಡಿದು ಇಳಿದರು. ಇಳಿದ ಮೇಲೂ ಬಿಡಲಿಲ್ಲ. ಕೊನೆಗೆ, ಟೀಚರ ಇನ್ನೊಂದು ಕೈಯಲ್ಲಿದ್ದ ಮೆಣಸಿನಪುಡಿ ಮೂಗಿಗೇರಿ ಇಬ್ಬರೂ ಒಟ್ಟಿಗೆ ಸೀನಿದರು. ಸೀನಿ, ಇಬ್ಬರೂ ನಗತೊಡಗಿದರು. ಬಾಗಿಲ ಬಳಿ ನಿಂತಿದ್ದ ಕೆಮಿಸ್ಟರು, ತಮ್ಮಿಂದ ಇಷ್ಟಾದರೂ ಆಯಿತಲ್ಲ ಎಂದು ತಾವೂ ನಗಲು ಹೊರಟರು. ಎರಡು ಜೊತೆ ಕಣ್ಣು ಅವರ ಕಡೆ ತಿರುಗಿದವು.

"ಏನ್ರೀ ನಗ್ತೀರ? ಅಕ್ಕ ಹಸಿದು ಬಂದಿದಾರೆ. ಮೇಲೆ ಹೋಗಿ ಊಟ ವಾಪಸ್ ತಗೊಂಡ್ಬನ್ನಿ."

"ನಾನಾ? ಕೊಟ್ಟಿದ್ದನ್ನ ಹ್ಯಾಗೆ ಕೇಳಲಿ? ಏನಂತ ಹೇಳಲಿ?"

"ಮಿಸ್ಡ್ ಕಾಲ್ ಕೊಡು" ಎಂದರು ಅಕ್ಕ.

ಅಂಥ ಮಾತಿಗೆ ಸಂಹಿತೆಯಲ್ಲಿ ರಿಂಗ್ ಇರಲಿಲ್ಲ. ಕೆಮಿಸ್ಟರು ಬಾಯಲ್ಲೇ ಕೇಳಬೇಕಾಯಿತು. ಮೇಲಿನವರು ಆಗಲೇ ತಟ್ಟೆ ಹಾಕಿ ಕೂತಿದ್ದರು. ಮನೆಯ ಯಜಮಾನರು ಬಾಯಲ್ಲಿದ್ದ ತುತ್ತನ್ನು ನುಂಗಲೋ ಬೇಡವೋ ಎಂಬಂತೆ ಇವರನ್ನೇ ನೋಡಿದರು. ಅನ್ನ ಅರ್ಧ ಸಿಕ್ಕಿತು, ಪಲ್ಯ ಕಾಲುಭಾಗ ಸಿಕ್ಕಿತು, ಸಿಹಿಯ ಪಾತ್ರೆ ತೊಳೆದು ಒರೆಸಿದ್ದು ಸಿಕ್ಕಿತು. ಹಿಡಿದುಕೊಂಡು ಕೆಳಗೆ ಬಂದರೆ ಅಕ್ಕ ಮತ್ತು ಟೀಚರು ನೆಲದ ಮೇಲೆ ಕೂತು ಡಬ್ಬಿಗಳನ್ನು ಹಂಚಿಕೊಳ್ಳುತ್ತಿದ್ದರು. "ಉಪ್ಪು ಎಲ್ಲಿಡ್ಲಿ ಅಕ್ಕ?" "ನಿನ್ನ ಕೈಗೆ ಸಿಗೋ ಹಾಗೆ ಇಡೇ, ನಾನೇನು ಇಲ್ಲೇ ಇರ್ತೀನಾ?" ಇದ್ದ ಅನ್ನ ಇಬ್ಬರಿಗೆ ಸಾಕಾಯಿತು. ಆ ಇಬ್ಬರಲ್ಲಿ ಕೆಮಿಸ್ಟರು ಇರಲಿಲ್ಲ.

ಸಂಜೆ ಅಕ್ಕನನ್ನು ರೈಲು ಹತ್ತಿಸಲು ಟೀಚರೂ ಬಂದರು. ಕಿಟಕಿಯಲ್ಲಿ ಕೈ ಬೀಸುವವರೆಗೂ ಅವರವರೇ ಮಾತಾಡಿಕೊಂಡರು. ಕೆಮಿಸ್ಟರಿಗೆ ಚೀಲ ಹಿಡಿಯುವ ಕೆಲಸ. ಅಕ್ಕನ ಆಸ್ಪತ್ರೆಯ ಡ್ಯೂಟಿ ಕೋಣೆಯಲ್ಲಿ ಫೋನಿದೆ ಎಂಬ ಸಂಗತಿ ಅವರ ಕಿವಿಗೂ ಬಿತ್ತು. ಅದರ ಪರಿಣಾಮವನ್ನು ಅವರು ಲೆಕ್ಕ ಹಾಕಲಿಲ್ಲ.

ಮಾರನೆಯ ದಿನ ಸಂಜೆ ಐದಕ್ಕೆ, ಮೂರನೆಯ ಕಿಟಕಿಯಲ್ಲಿ ಕತ್ತು ಚಾಚಿ, ತಿದ್ದುಪಡಿಯಾದ ಸಂಹಿತೆಯ ಪ್ರಕಾರ (ಸೇರಿಸುವ ಹಕ್ಕು ಇನ್ನು ಕರೆ ಮಾಡುವವರಿಗೆ ಮಾತ್ರ) ಎರಡು ರಿಂಗ್ ಕೊಡಲು ಹೊರಟರು. ಎಂಗೇಜ್. ಐದೂಕಾಲಿಗೆ ಎಂಗೇಜ್. ಐದೂವರೆಗೆ ಎಂಗೇಜ್. ಲೈನು ಕೆಟ್ಟಿದೆಯೆಂದು ಗಾಬರಿಯಾಗಿ, ಓಡುತ್ತ ಬಸ್ಸು ಹಿಡಿದು, ಎರಡೆರಡು ಮೆಟ್ಟಿಲು ಹಾರಿ ಮನೆಗೆ ಬಂದರು.

ಟೀಚರು ಲ್ಯಾಂಡ್‌ಲೈನಿನ ಪಕ್ಕ ಕಾಲು ಮೇಲೆ ಕಾಲು ಹಾಕಿ ಕೂತಿದ್ದರು. ನಕ್ಕು ನಕ್ಕು ಕಣ್ಣಲ್ಲಿ ನೀರು. ಗಂಡನನ್ನು ಕಂಡೊಡನೆ ರಿಸೀವರಿಗೆ ಅಂಗೈ ಮುಚ್ಚಿದರು.

"ಶ್! ಅಕ್ಕ ಲೈನಲ್ಲಿದಾರೆ. ನಿಮ್ಮ ವಿಷಯಾನೇ ಮಾತಾಡ್ತಾ ಇದೀವಿ. ಒಂದರ್ಧ ಗಂಟೆ ಹೊರಗಿರಿ."

ಕೆಮಿಸ್ಟರು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಮೆಟ್ಟಿಲ ಮೇಲೆ ಕೂತರು.