ಒಂಚೂರೂ ನೋವಿಲ್ಲೆ

ಹೊಸ ಚಪ್ಪಲಿಯೇ ಎಲ್ಲಕ್ಕೂ ಮೂಲ. ಸಿರ್ಸಿಯ ಸೊಸೈಟಿ ಗುಮಾಸ್ತ, ಮೂವತ್ತಾರು ದಾಟಿದ ಕಮಲಾಕರ ಹೆಗಡೆ ಅಂದು ಯಲ್ಲಾಪುರದ ಕಡೆ ಹೆಣ್ಣು ನೋಡಲು ಹೊರಟಿದ್ದ. ನೋಡುವುದೆಂಬುದು ಬರೀ ಬಾಯಿಮಾತು. ಹುಡುಗಿಯರ ಬರಗಾಲದ ಆ ದಿನಗಳಲ್ಲಿ ನೋಡಿಸಿಕೊಳ್ಳಬೇಕಾದವನು ಗಂಡೇ. ನಾಲ್ಕಾರು ಮನೆಯವರು ಆಗಲೇ ನೋಡಿ ಬೇಡವೆಂದಿದ್ದರು. ಚಪ್ಪಲಿ ಮೆಟ್ಟಿ ಜಗುಲಿ ಇಳಿದದ್ದೇ ತಡ, ಸರ್ರನೆ ಜಾರಿ, ಪಾದ ಒಳಕ್ಕೆ ಮಡಚಿ ಲಟಕ್ಕೆಂದಿತು.

ಸಂಬಂಧ ತಂದಿದ್ದ ನೆರೆಮನೆಯ ಗಂಗಕ್ಕ ಓಡಿ ಬಂದಳು. "ಮುರದ್ದಿಲ್ಲೆ, ಉಳುಕಿದ್ದು ಅಷ್ಟೆ," ಎಂದು ಎಣ್ಣೆ ಸುರಿದು ಗಸಗಸ ತಿಕ್ಕಿದಳು. ಕಮಲಾಕರನಿಗೆ ಹಗಲಲ್ಲೇ ನಕ್ಷತ್ರ ಕಂಡವು. ಎದುರುಮನೆಯ ಸಂಗಯ್ಯ, "ತಿಕ್ಕಬ್ಯಾಡ್ರಿ, ಜಗ್ಗಬೇಕ್ರಿ," ಎಂದವನೇ ಹೆಬ್ಬೆರಳು ಹಿಡಿದು ಜಗ್ಗಿಯೇ ಬಿಟ್ಟ.

ಬಾಡಿಗೆ ಓಮ್ನಿ ತಂದಿದ್ದ ಅಬ್ದುಲ್ ರಜಾಕ್ ಮಾತ್ರ, "ಹೆಗಡೇರೇ, ದಾರೀಲೇ ದವಾಖಾನೆ ಐತೆ, ಎಕ್ಸ್-ರೇ ತೆಗೆಸೋಣ," ಎಂದ.

"ಪ್ಲಾಸ್ಟರು ಹಾಕಿದ್ರೆ ಕಥೆ ಮುಗತ್ತು!" ಗಂಗಕ್ಕ ಗದರಿದಳು. "ಕುಂಟ ಮಾಣಿ ಹೇಳಿ ಸುದ್ದಿಯಾದ್ರೆ ಈ ಜನ್ಮದಲ್ಲಿ ಹೆಣ್ಣು ಸಿಕ್ತಿಲ್ಲೆ. ಯಾರು ಎಂತ ಕೇಳಿದ್ರೂ ನೋವಿಲ್ಲೆ ಅನ್ನು."

ಇದೂ ತಪ್ಪಿದರೆ ಸಾಯುವ ತನಕ ತಾನೇ ಬೇಯಿಸಿ ತಾನೇ ಉಣ್ಣಬೇಕು. ಕಮಲಾಕರ ಹಲ್ಲು ಕಚ್ಚಿ ಓಮ್ನಿ ಹತ್ತಿದ.

ಹುಡುಗಿಯ ತಂದೆ ಶಾಂತಾರಾಮ ಭಟ್ಟರಿಗೆ ಏನು ಉತ್ಸಾಹವೋ! ಗೋಬರ್ ಗ್ಯಾಸಿನ ಗುಂಡಿ ತೋರಿಸಿದರು, ಕೊಟ್ಟಿಗೆ ತೋರಿಸಿದರು, ಏಣಿಯಿಂದ ಅಟ್ಟಕ್ಕೂ ಹತ್ತಿಸಿದರು. ಕಮಲಾಕರ ನಗುತ್ತಲೇ ಹತ್ತಿದ, ನಗುತ್ತಲೇ ಇಳಿದ. ಕೊನೆಗೆ ಕೂತಾಗ ಕೈಗೆ ಕೇಸರಿಬಾತಿನ ತಟ್ಟೆ ಬಂತು, ಹಿಂದೆಯೇ ಚಹಾ ಹಿಡಿದು ನಮಿತಾ ಬಂದಳು. ಹುಬ್ಬಳ್ಳಿಯ ಮೂಳೆ ಆಸ್ಪತ್ರೆಯಲ್ಲಿ ನರ್ಸ್ ಅವಳು. ಹುಡುಗನ ಮುಖ ನೋಡುವ ಬದಲು ಕಾಲು ನೋಡಿ, ಚಹಾ ಇಟ್ಟು ಕುಕ್ಕರಗಾಲಲ್ಲಿ ಕೂತಳು.

"ಎಂತ ಆಜು ಕಾಲಿಗೆ?"

"ಎಂತೂ ಆಜಿಲ್ಲೆ."

ಅವಳು ಕಾಲಿನ ಹರಡು ಒತ್ತಿದಳು. "ಇಲ್ಲಿ ನೋಯ್ತಾ?"

"ಇಲ್ಲೆ."

"ಇಲ್ಲಿ?"

"ಒಂಚೂರೂ ಇಲ್ಲೆ!"

ಪಾದ ತಿರುಗಿಸಿದಳು. ಒಳಗೆ ಏನೋ ಕರಕರ ಎಂದಿತು. "ಈಗ?"

"ಹಿತವಾಗ್ತು," ಎಂದ ಪುಣ್ಯಾತ್ಮ.

ನಮಿತಾ ಗಂಭೀರವಾಗಿ ಎದ್ದಳು. "ಅಪ್ಪಾ, ಕಾಲು ಮುರದ್ದು ದೊಡ್ಡದಲ್ಲ, ಪ್ಲಾಸ್ಟರು ಹಾಕಿದ್ರೆ ಕೂಡ್ತು. ಆದ್ರೆ ಮೂಳೆ ಮುರದ್ರೂ ನೋವು ಗೊತ್ತಾಗ್ತಿಲ್ಲೆ ಅಂದ್ರೆ ಸಕ್ಕರೆ ಕಾಯಿಲೆ ಬಲಿತು ನರ ಸತ್ತೋಯ್ದು. ಎಂಗೆ ಈ ಸಂಬಂಧ ಬ್ಯಾಡ."

ಭಟ್ಟರು ಮೆಲ್ಲಗೆ ಕಮಲಾಕರನ ಕೈಯಿಂದ ಕೇಸರಿಬಾತಿನ ತಟ್ಟೆ ತೆಗೆದುಕೊಂಡರು.

"ಅಯ್ಯಯ್ಯೋ, ಎಂಗೆ ನೋವಾಗ್ತು!" ಕಮಲಾಕರ ಬೊಬ್ಬೆ ಹಾಕಿದ. "ಬೆಳಿಗ್ಗೆಯಿಂದ ಪ್ರಾಣ ಹೋಗ್ತಾ ಇದ್ದು!"

ಭಟ್ಟರು ಅವನ ಬೆನ್ನು ಸವರಿದರು. "ಅದು ಕಾಲುನೋವಲ್ಲ ತಮಾ, ಹೆಣ್ಣು ತಪ್ಪಿದ ನೋವು. ನಾಲ್ಕು ದಿನಕ್ಕೆ ಹೋಗ್ತು."